ಇನ್ನೊಂದೇ ಹೆರೆತ

ಬಾಯಲ್ಲಿ ನೂಲಿದ್ದವರು ಬೈಯುವಂತಿಲ್ಲ. ಅದು ಗೊತ್ತಿದ್ದೇ ಓದೀಲ್ ಆ ಗಳಿಗೆಯನ್ನು ಆರಿಸಿಕೊಂಡಳೋ ಏನೋ. ಎದ್ವೀಜ್ ನೂಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕುದುರೆ ಕೂದಲಿನ ಗೊಂಚಲಿಗೆ ಗಂಟು ಬಿಗಿಯುತ್ತಿದ್ದಾಗ ಅವಳು ಒಳಗೆ ಬಂದಳು. ಪಿಟೀಲಿನ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ತೆರೆದಳು. ಕಮಾನನ್ನು ಎತ್ತಿ ಗೆಳತಿಯ ಮೂಗಿನ ಮುಂದೆ ಹಿಡಿದಳು.

“ತುದಿ ಕಡೆ ಸ್ವಲ್ಪ ಹೆರೆದು ಕೊಡೇ. ಭಾರ ಆಗಿದೆ.”

ಪಕ್ಕದ ಬೆಂಚಿನಲ್ಲಿ ಗಾಸ್ಪಾರನ ಅರ ನಿಂತಿತು. ಕಮಾನಿನ ಹಿಡಿಗೆ ಮುತ್ತಿನ ಚಿಪ್ಪು ಕೂರಿಸುತ್ತಿದ್ದವನು ಕನ್ನಡಕವನ್ನು ಹಣೆಗೇರಿಸಿ ಹೆಂಡತಿಯ ಕಡೆ ನೋಡಿದ, ಆಮೇಲೆ ಓದೀಲಳ ಕಡೆ.

“ತಲೆ ಕೆಟ್ಟಿದ್ಯಾ ನಿಂಗೆ?”

“ನಾನು ನಿನ್ನ ಹೆಂಡ್ತಿ ಹತ್ರ ಮಾತಾಡ್ತಿದೀನಿ ಗಾಸ್ಪಾರ್. ನೀನು ನಿನ್ನ ಚಿಪ್ಪು ಉಜ್ಜು.”

ಕಮಾನುಗಾರರ ಊರಾದ ಮೀರ್‌ಕೂರಿನಲ್ಲಿ ಹುಟ್ಟಿದವರು ಆಡುವ ಮಾತಲ್ಲ ಅದು. ಹಳೆಯ ಕಮಾನಿಗೆ ಹೊಸ ಕೂದಲು ಕಟ್ಟಬಹುದು, ತಿರುಪು ಬದಲಿಸಬಹುದು, ದೀಪದ ಉರಿಗೆ ಹಿಡಿದು ಬಾಗು ಸರಿಮಾಡಬಹುದು. ಕೋಲಿಗೆ ಅಲಗು ತಾಗಿಸುವಂತಿಲ್ಲ. ಮಾಡಿದವನು ಎಲ್ಲಿ ಕೈ ನಿಲ್ಲಿಸಿದನೋ ಅಲ್ಲಿಗೆ ಅದು ಮುಗಿಯಿತು. ಅದರಲ್ಲೂ ಇದು ತೆಯೋಫಿಲ್ ಕೊಲ್ನೋ ಮಾಡಿದ್ದು. ಎದ್ವೀಜಳ ಅಪ್ಪ. ಅವನು ತೀರಿಕೊಂಡ ಮೇಲೆ ಅವನ ಕಮಾನುಗಳು ಒಂದೊಂದಾಗಿ ಊರು ಬಿಟ್ಟು ಪ್ಯಾರಿಸ್ಸಿಗೆ, ಲಂಡನ್ನಿಗೆ, ನುಡಿಸಲು ಬಾರದವರ ಗಾಜಿನ ಕಪಾಟುಗಳಿಗೆ ಹೋಗಿ ಸೇರಿದ್ದವು. ಎದ್ವೀಜಳ ಕಣ್ಣಿಗೆ ಆಗಾಗ ಬೀಳುತ್ತಿದ್ದದ್ದು, ಕಿವಿಗೆ ಕೇಳುತ್ತಿದ್ದದ್ದು ಇದೊಂದೇ. ಪಕ್ಕದ ರೊಟ್ಟಿ ಅಂಗಡಿಯವರ ಮಗಳು ಓದೀಲ್ ನಾನ್ಸಿ ಪಟ್ಟಣದ ವಾದ್ಯವೃಂದದಲ್ಲಿ ಮುಂದಿನ ಸಾಲಿನ ಕುರ್ಚಿ ಗೆದ್ದ ವರ್ಷ ಅಪ್ಪ ಅವಳನ್ನು ಇದೇ ಕಿಟಕಿಯ ಬಳಿ ನಿಲ್ಲಿಸಿ, ನುಡಿಸಲು ಹೇಳಿ, ಹೆರೆದು, ಮತ್ತೆ ನುಡಿಸಲು ಹೇಳಿ, ಅವಳ ಕೈಗೆಂದೇ ಮಾಡಿದ ಕಮಾನು.

ಎದ್ವೀಜ್ ಗಂಟು ಮುಗಿಸಿ ನೂಲು ಕತ್ತರಿಸಿದಳು.

“ನಡುಗೋದು ನಿಂತಿಲ್ವಾ?”

“ಇಲ್ಲ.”

“ಕೂದಲು ಕಮ್ಮಿ ಮಾಡಿ ಕಟ್ಟಿದ್ದೆ. ಹಿಡಿ ಹತ್ರ ದಪ್ಪ ಬೆಳ್ಳಿ ತಂತಿ ಸುತ್ತಿದ್ದೆ. ತೂಕ ಎಲ್ಲಾ ಕೈ ಕಡೆಗೇ ಬಂತಲ್ಲ.”

“ಎರಡು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ರಾಮಾಯಣ.” ಓದೀಲ್ ಬಲ ಭುಜವನ್ನು ಒಮ್ಮೆ ಎತ್ತಿ ಇಳಿಸಿದಳು. ಆ ಭುಜ ಕಳೆದ ಚಳಿಗಾಲದಿಂದ ಅವಳ ಮಾತು ಕೇಳುತ್ತಿರಲಿಲ್ಲ. “ನಾಳೆ ಬೆಳಿಗ್ಗೆ ನನ್ನ ಸರದಿ ಕಣೆ.”

ಪ್ಯಾರಿಸ್ಸಿನಿಂದ ಬಂದ ಹೊಸ ನಿರ್ದೇಶಕ ಮುಂದಿನ ಸಾಲಿನವರೆಲ್ಲ ಮತ್ತೆ ಪರೀಕ್ಷೆ ಕೊಡಬೇಕೆಂದು ಹೇಳಿದ್ದ. ಪರದೆಯ ಹಿಂದೆ ನಿಂತು, ಹೆಸರಿಲ್ಲದೆ. ಕೊನೆಯಲ್ಲಿ ಎಲ್ಲರೂ ನುಡಿಸಬೇಕಾದ ಒಂದು ನಿಧಾನದ ಭಾಗವಿತ್ತು. ಅದರಲ್ಲಿ ಒಂದು ಉದ್ದನೆಯ ಸ್ವರ. ಕಮಾನಿನ ಹಿಡಿಯಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಬಂದು, ಬಾಗಿಲು ಸದ್ದಿಲ್ಲದೆ ಮುಚ್ಚಿದಂತೆ ಮುಗಿಯಬೇಕು. ಓದೀಲಳಿಗೆ ಹೆಸರು ತಂದದ್ದೇ ಆ ಎಳೆತ. ಈಗ ತುದಿ ಹತ್ತಿರವಾಗುತ್ತಿದ್ದಂತೆ ಅವಳ ಕಮಾನು ತಂತಿಯ ಮೇಲೆ ನಡುಗುತ್ತಿತ್ತು. ಮುದುಕಿ ಸಾರಿನ ಚಮಚ ಹಿಡಿದ ಹಾಗೆ, ಎಂದು ಅವಳೇ ನಗಾಡಿದ್ದಳು. ಹೋದ ತಿಂಗಳು. ಈಗ ನಗುತ್ತಿರಲಿಲ್ಲ.

“ಇದರಲ್ಲಿ ನುಡಿಸಿ ನೋಡು,” ಎಂದು ಎದ್ವೀಜ್ ಗೋಡೆಯಲ್ಲಿ ನೇತುಹಾಕಿದ್ದ ಕಮಾನೊಂದನ್ನು ತೆಗೆದುಕೊಟ್ಟಳು. ಅವಳೇ ಹೋದ ವರ್ಷ ಮಾಡಿದ್ದು, ಹಗುರ.

ಓದೀಲ್ ನುಡಿಸಿದಳು. ಕಮಾನು ಅಷ್ಟಾಗಿ ನಡುಗಲಿಲ್ಲ. ಎದ್ವೀಜಳೇ ಮುಖ ತಿರುಗಿಸಿಕೊಂಡಳು. ಸ್ವರ ತೆಳ್ಳಗಿತ್ತು, ನೀರು ಬೆರೆಸಿದ ವೈನಿನ ಹಾಗೆ.

“ಇದರಲ್ಲಿ ನುಡಿಸಿದ್ರೆ ಪರದೆ ಆಚೆ ಕೂತವ್ರು ‘ಯಾರೋ ವಿದ್ಯಾರ್ಥಿನಿ’ ಅಂತಾರೆ,” ಎಂದಳು ಓದೀಲ್. “ಬೇಜಾರು ಮಾಡ್ಕೋಬೇಡ.”

“ಮಾಡ್ಕೊಂಡೆ. ಹೇಳು.”

“ಆ ಕುರ್ಚಿ ಹೋದ್ರೆ ನಂಗೇನಿದೆ ಹೇಳು. ಗಂಡ ಇಲ್ಲ, ಮಕ್ಕಳಿಲ್ಲ, ಬೆಕ್ಕೂ ಇಲ್ಲ. ಹಲ್ಲಿನ ಡಾಕ್ಟ್ರ ಹೆಣ್ಣುಮಕ್ಕಳಿಗೆ ಸರಳೆ ಹೇಳ್ಕೊಟ್ಕೊಂಡು ಕೂರ್ಲಾ? ಕೊಲ್ನೋ ಮಾಮ ಇದ್ದಿದ್ರೆ ಹೆರೆದು ಕೊಡ್ತಿದ್ರು.”

“ಯಜಮಾನ್ರು ಇದ್ದಿದ್ರೆ ನಿನ್ನ ಕಿವಿ ಹಿಂಡಿ ಆಚೆ ಕಳಿಸ್ತಿದ್ರು,” ಎಂದ ಗಾಸ್ಪಾರ್. “ಕಮಾನಿಗೇನೂ ಆಗಿಲ್ಲ. ಆಗಿರೋದು ನಿನ್ನ ಭುಜಕ್ಕೆ. ಹೋಗಿ ಭುಜ ಹೆರೆಸ್ಕೋ.”

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ. ಹದಿಹರೆಯದಲ್ಲಿ ಕೊಲ್ನೋನ ಹತ್ತಿರ ಕೆಲಸಕ್ಕೆ ಸೇರಿ, ಅವನ ಮಗಳನ್ನು ಮದುವೆಯಾಗಿ, ಅವನ ಬೆಂಚಿನಲ್ಲಿ ಮಾತ್ರ ಇವತ್ತಿನವರೆಗೂ ಕೂರದೆ ಉಳಿದವನು ಅವನು. ಆ ಬೆಂಚಿನಲ್ಲಿ ಕೂರುವ ಧೈರ್ಯ ಇದ್ದದ್ದು ಎದ್ವೀಜಳಿಗೆ.

ಅವಳು ಕಮಾನನ್ನು ಕೈಗೆ ತೆಗೆದುಕೊಂಡಳು. ಕೂದಲನ್ನು ಸಡಿಲಿಸಿ, ಹಿಡಿ ಬಿಚ್ಚಿ, ಬರಿಯ ಕೋಲನ್ನು ಬೆಳಕಿಗೆ ಹಿಡಿದಳು. ಬ್ರೆಜಿಲಿನ ಆ ಕೆಂಪು ಮರ ಇಷ್ಟು ವರ್ಷದ ಬೆವರು, ರಾಳದ ಪುಡಿ ಕುಡಿದು ಕಂದಾಗಿತ್ತು. ಬೇಡ ಎಂದರೆ ಓದೀಲ್ ಬೇರೆ ಯಾರ ಬಾಗಿಲಿಗಾದರೂ ಹೋಗುತ್ತಾಳೆ. ಹೂಂ ಎಂದರೆ... ಹೂಂ ಎನ್ನಲು ಅವಳ ಕೈಲಾಗದು.

ಹೀಗಾದಾಗ ಮೀರ್‌ಕೂರಿನವರು ಮಾಡುವುದೊಂದಿತ್ತು. ಯಾವುದೂ ಒಪ್ಪಿಗೆಯಾಗದ ಕೊಂಕು ಕಿವಿಯ ಗಿರಾಕಿಗಳು ಬಂದು ‘ಒಂಚೂರು ಹೆರೆಯಿರಿ, ಒಂಚೂರೇ’ ಎಂದು ಪೀಡಿಸಿದರೆ, ಅವರಿಗೆ ಬೆನ್ನು ಮಾಡಿ ಕೂತು, ಕಮಾನಿನ ಕೆಳಗೊಂದು ಹಾಳು ಕೋಲನ್ನು ಹಿಡಿದು, ಅಲಗನ್ನು ಅದರ ಮೇಲೆ ಎಳೆಯುತ್ತಿದ್ದರು. ಸದ್ದು ಬರುತ್ತಿತ್ತು, ಪುಡಿ ಉದುರುತ್ತಿತ್ತು, ಗಿರಾಕಿ ನುಡಿಸಿ ‘ಈಗ ಸರಿಹೋಯ್ತು ನೋಡಿ!’ ಎನ್ನುತ್ತಿದ್ದ. ಗಾಳಿ ಹೆರೆಯುವುದು, ಎನ್ನುತ್ತಿದ್ದ ಅಪ್ಪ. ಅದು ಮೋಸವೆಂದು ಯಾರಿಗೂ ಅನಿಸಿದ್ದಿಲ್ಲ. ಕಮಾನು ಉಳಿಯಿತು, ಗಿರಾಕಿಗೂ ಖುಷಿ.

ಎದ್ವೀಜ್ ಕಿಟಕಿಯ ಕಡೆ ತಿರುಗಿ ಕೂತಳು. ಗಾಸ್ಪಾರನಿಗೆ ತಕ್ಷಣ ಅರ್ಥವಾಯಿತು. ಅರವನ್ನು ಮತ್ತೆ ಕೈಗೆತ್ತಿಕೊಂಡು ಬೇಕೆಂದೇ ಜೋರಾಗಿ ಉಜ್ಜತೊಡಗಿದ. ಅಲಗು ಹಾಳು ಕೋಲಿನ ಮೇಲೆ ಸರ್ರೆಂದು ಹೋಯಿತು. ಇನ್ನೊಮ್ಮೆ. ಕೆಂಪು ಪುಡಿ ಮಡಿಲಿಗೆ ಬಿತ್ತು. ಹಿಡಿ ಜೋಡಿಸಿ, ಕೂದಲು ಬಿಗಿದು ಕೊಟ್ಟಳು.

“ತಗೋ. ನೋಡು.”

ಓದೀಲ್ ಪಿಟೀಲನ್ನು ಗದ್ದದ ಕೆಳಗಿಟ್ಟು ಆ ಸ್ವರವನ್ನು ಎಳೆದಳು. ಅರ್ಧ ದಾರಿಯಲ್ಲಿ ನಿಲ್ಲಿಸಿದಳು. ಪಿಟೀಲನ್ನು ಕೆಳಗಿಟ್ಟಳು. ಅವಳ ಮುಖ ಕೆಂಪಗಾದದ್ದು ಕುತ್ತಿಗೆಯಿಂದ ಮೇಲಕ್ಕೆ ಹತ್ತಿತು.

“ಗಾಳಿ ಹೆರೆದ್ಯಾ?”

ಎದ್ವೀಜ್ ಮಡಿಲಿನ ಕೆಂಪು ಪುಡಿಯನ್ನು ಕೊಡವಿದಳು.

“ಚಿಕ್ಕವರಿದ್ದಾಗ ಆ ಬಾಗಿಲ ಹಿಂದೆ ನಿಂತ್ಕೊಂಡು, ಗಾಳಿ ಹೆರೆಸ್ಕೊಂಡು ಹೋಗೋ ಪ್ಯಾರಿಸ್ಸಿನ ಗಡ್ಡದೋರನ್ನ ನೋಡಿ ಬಾಯಿ ಮುಚ್ಕೊಂಡು ನಕ್ಕವ್ರು ಯಾರೇ? ನಾವಿಬ್ರೂ ಅಲ್ವಾ? ನೀನು ನಕ್ಕೂ ನಕ್ಕೂ ಲಂಗ ಒದ್ದೆ ಮಾಡ್ಕೊಂಡಿದ್ದೆ. ಈಗ ನಾನೂ ಆ ಗಡ್ಡದೋರ ಸಾಲಿಗೆ ಬಂದ್ನಾ?”

“ಓದೀಲ್, ಕೇಳಿಲ್ಲಿ...”

“ಆಗಲ್ಲ ಅಂದಿದ್ರೆ ಎದ್ದು ಹೋಗ್ತಿದ್ದೆ. ಬೈದಿದ್ರೆ ಬೈಸ್ಕೋತಿದ್ದೆ. ಇದು ಮಾತ್ರ ಬೇಡಿತ್ತು.”

ಬೆಂಚಿನ ಮೇಲಿದ್ದ ಅಲಗನ್ನು ಅವಳು ಎತ್ತಿಕೊಂಡದ್ದು ಎಷ್ಟು ಬೇಗವೆಂದರೆ ಗಾಸ್ಪಾರ್ ಏಳುವಷ್ಟರಲ್ಲಿ ಅದು ಕಮಾನಿನ ತಲೆಯ ಹತ್ತಿರ, ಕೋಲಿನ ಅತಿ ಸಣ್ಣ ಭಾಗದ ಮೇಲೆ ಅಡ್ಡಡ್ಡ ನಿಂತಿತ್ತು. ಅಲಗನ್ನು ಹಿಡಿಯಲೂ ಬಾರದ ಕೈ. ಒಂದು ಸಲ ಎಳೆದರೆ ಕಚ್ಚು ಬಿದ್ದು ಕಮಾನು ಅಲ್ಲೇ ಎರಡಾಗುತ್ತಿತ್ತು.

“ಹತ್ರ ಬಂದ್ರೆ ಎಳೀತೀನಿ.”

“ಓದೀಲ್, ಅದನ್ನ ಕೆಳಗಿಡು,” ಎಂದ ಗಾಸ್ಪಾರ್. ಅವನ ದನಿ ಮಗುವಿನೊಂದಿಗೆ ಮಾತಾಡುವವನದಾಗಿತ್ತು. “ಯಜಮಾನ್ರ ಕೈಕೆಲಸ ಅದು.”

“ಯಜಮಾನ್ರು ಸತ್ತು ಹೋದ್ರು ಗಾಸ್ಪಾರ್. ನಾನಿನ್ನೂ ಇದೀನಿ.”

ಎದ್ವೀಜ್ ಗೆಳತಿಯ ಬೆರಳುಗಳನ್ನು ನೋಡಿದಳು. ಬಲಗೈ ನಡುಗುತ್ತಿತ್ತು, ಕಮಾನಿಲ್ಲದಿದ್ದರೂ ನಡುಗುತ್ತಿತ್ತು. ಅದನ್ನು ಓದೀಲಳೂ ನೋಡಿದಳು. ಇಬ್ಬರೂ ನೋಡಿದರೆಂಬುದು ಇಬ್ಬರಿಗೂ ತಿಳಿಯಿತು. ಆದರೂ ಅಲಗು ಅಲ್ಲಿಂದ ಕದಲಲಿಲ್ಲ.

“ಕೊಡು,” ಎಂದಳು ಎದ್ವೀಜ್. “ನಾನೇ ಹೆರೀತೀನಿ. ನಿಜವಾಗ್ಲೂ. ನೀನು ಪಕ್ಕದಲ್ಲೇ ನಿಂತ್ಕೊಂಡು ನೋಡು.”

ಗಾಸ್ಪಾರ್ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಹೊರಗೆ ಹೋದ. ಕಿಟಕಿಯಾಚೆ, ಬೀದಿಯಲ್ಲಿ, ಅಂಗಡಿಗೆ ಬೆನ್ನು ಮಾಡಿ ನಿಂತ. ಅಲ್ಲಿಂದಲೂ ಹೋಗಲು ಅವನಿಗೆ ಆಗಲಿಲ್ಲ.

ಮೊದಲ ಹೆರೆತದಲ್ಲೇ ಕಂದು ಪದರ ಹೋಗಿ ಒಳಗಿನ ಮರ ಕಂಡಿತು. ಕಿತ್ತಳೆಗೆಂಪು, ಹಸಿಯಾಗಿ, ಗಾಯದ ಹಾಗೆ. ತಲೆಯ ಕೆಳಗೆ ಅಪ್ಪ ಬಿಡುತ್ತಿದ್ದ ಸಣ್ಣ ಏಣು, ಬೇರೆಯವರು ಉಜ್ಜಿ ನುಣುಪು ಮಾಡುವ ಕಡೆ ಅವನು ಮಾತ್ರ ಉಳಿಸುತ್ತಿದ್ದ ಏಣು, ಎರಡನೆಯ ಎಳೆತಕ್ಕೆ ಇಲ್ಲವಾಯಿತು. ಕೋಲನ್ನು ಒಂದಿಷ್ಟು ತಿರುಗಿಸಿ, ಸುತ್ತಲೂ ಒಂದೇ ಸಮ ಬರುವಂತೆ ಹೆರೆದಳು. ಜೋಡಿಸಿ ಕೊಟ್ಟಳು.

ಓದೀಲ್ ನುಡಿಸಿದಳು. ತುದಿಯ ಹತ್ತಿರ ನಡುಕ.

“ಇನ್ನೊಂಚೂರು.”

ಎದ್ವೀಜ್ ಬಿಚ್ಚಿದಳು, ಹೆರೆದಳು, ಜೋಡಿಸಿದಳು. ಓದೀಲ್ ನುಡಿಸಿದಳು.

“ಇನ್ನೊಂಚೂರು.”

ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಯಾರೂ ಊಟದ ಮಾತೆತ್ತಲಿಲ್ಲ. ಒಲೆಯ ಮೇಲಿದ್ದ ಸೂಪು ತಳ ಹಿಡಿದ ವಾಸನೆ ಬಂದಾಗ ಗಾಸ್ಪಾರ್ ಒಳಗೆ ಬಂದು, ಪಾತ್ರೆ ಇಳಿಸಿ, ಇಬ್ಬರನ್ನೂ ನೋಡದೆ ಮತ್ತೆ ಹೊರಗೆ ಹೋದ.

ಆಮೇಲೆ ಒಂದು ಸಲ ಓದೀಲ್ ಕಮಾನಿಟ್ಟಾಗ ಕೋಣೆ ತುಂಬಿಹೋಯಿತು. ಸ್ವರ ಹಿಂದೆಂದಿಗಿಂತ ತಿಳಿಯಾಗಿ, ತಂತಿಯಿಂದಲ್ಲ, ಗೋಡೆಯೊಳಗಿಂದ ಬಂದಂತೆ ಎದ್ದಿತು. ಹೊರಗೆ ಗಾಸ್ಪಾರ್ ತಿರುಗಿ ನೋಡಿದ. ಓದೀಲಳ ಕಣ್ಣು ಅಗಲವಾದವು. ಎದ್ವೀಜಳಿಗೆ ಗೊತ್ತಿತ್ತು. ಹೆರೆಯುತ್ತ ಹೋದರೆ ಪ್ರತಿಯೊಂದು ಕೋಲೂ ಹೀಗೆ ಒಂದು ಸಲ ಹಾಡುತ್ತದೆ, ಶಕ್ತಿ ಬತ್ತುವ ಮುಂಚೆ. ಒಳ್ಳೆಯ ಕಮಾನುಗಾರ ಅಲ್ಲಿಂದ ತುಸು ಹಿಂದೆಯೇ ಕೈ ತೆಗೆಯುತ್ತಾನೆ.

“ಸಾಕು,” ಎಂದಳು.

“ಎಷ್ಟು ಚೆನ್ನಾಗಿದೆ ಕಣೇ!”

“ಅದಕ್ಕೇ ಸಾಕು ಅಂದಿದ್ದು.”

ಓದೀಲ್ ಮತ್ತೊಮ್ಮೆ ಆ ಉದ್ದ ಸ್ವರವನ್ನು ಎಳೆದಳು. ಹಿಡಿಯಿಂದ ನಡುವಿಗೆ, ನಡುವಿನಿಂದ ತುದಿಗೆ. ನಾಲ್ಕು ಬೆರಳು ಉಳಿದಿತ್ತು, ಮೂರು, ಎರಡು. ಅಲ್ಲಿ ಸಣ್ಣಗೆ, ಇರುವೆ ಹರಿದಂತೆ, ನಡುಕ.

“ಇನ್ನೊಂದೇ ಸಲ.”

ಎದ್ವೀಜ್ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಅದು ಬಗ್ಗಿತು, ಹಿಂದಕ್ಕೆ ಬಂತು. ಬರಬೇಕಾದ್ದಕ್ಕಿಂತ ಸ್ವಲ್ಪ ತಡವಾಗಿ ಬಂತು.

“ಇನ್ನೊಂದು ಸಲ ಹೆರೆದ್ರೆ ನಾಳೆಗೆ ತಡೆದ್ರೂ ತಡೀಬಹುದು. ನಾಡಿದ್ದಿಗೆ ಇದು ಕಮಾನಲ್ಲ, ಕಡ್ಡಿ. ಗೊತ್ತಿರ್ಲಿ.”

“ನಂಗೆ ನಾಳೆ ಸಾಕು.”

“ಓದೀಲ್.”

“ನಾಳೆ ಸಾಕು ಅಂದೆ.”

ಎದ್ವೀಜ್ ಹೆರೆದಳು.

ಬೆಳಗಿನ ರೈಲಿನಲ್ಲಿ ಇಬ್ಬರೂ ಜೊತೆಗೇ ನಾನ್ಸಿಗೆ ಹೋದರು. ದಾರಿಯುದ್ದಕ್ಕೂ ಓದೀಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎದ್ವೀಜ್ ತಾನು ಮಾಡಿದ ಹಗುರ ಕಮಾನನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

“ಅದ್ಯಾಕೆ ತಂದೆ?”

“ಇರ್ಲಿ ಅಂತ.”

“ಒಳಗೆ ತಗೊಂಡು ಹೋಗಲ್ಲ ನಾನು.”

“ಹೋಗಬೇಡ. ನನ್ನ ಹತ್ರ ಇರುತ್ತೆ.”

ಸಭಾಂಗಣದ ಹಿಂದಿನ ಪಡಸಾಲೆಯಲ್ಲಿ ಬೆಂಚು ಹಾಕಿದ್ದರು. ಬಾಗಿಲಲ್ಲಿ ನಿಂತ ಗುಮಾಸ್ತ ಪ್ರತಿಯೊಬ್ಬರಿಗೂ ಶೂ ಬಿಚ್ಚಲು ಹೇಳುತ್ತಿದ್ದ; ಹಿಮ್ಮಡಿಯ ಸದ್ದಿನಿಂದ ಬಂದವರು ಗಂಡಸೋ ಹೆಂಗಸೋ ಒಳಗಿನವರಿಗೆ ತಿಳಿಯಬಾರದು. ಓದೀಲ್ ಶೂ ಬಿಚ್ಚಿ ಗೆಳತಿಯ ಕೈಗೆ ಕೊಟ್ಟಳು. ಒಂದು ಕಾಲುಚೀಲದ ಹೆಬ್ಬೆರಳಲ್ಲಿ ಹೊಲಿಗೆ ಹಾಕಿದ್ದು ಕಾಣುತ್ತಿತ್ತು.

“ಹೀಗೆ ನೋಡ್ಬೇಡ. ಹೆಣ ನೋಡ್ದಂಗೆ,” ಎಂದು ಒಳಗೆ ಹೋದಳು.

ಬಾಗಿಲು ಮುಚ್ಚಿತು. ಎದ್ವೀಜ್ ಬೆಚ್ಚಗಿದ್ದ ಶೂಗಳನ್ನು ಮಡಿಲಲ್ಲಿ ಹಿಡಿದು ಕೂತಳು.

ಮೊದಲು ವೇಗದ ಭಾಗ. ಚೆನ್ನಾಗಿ ಶುರುವಾಯಿತು. ಬೆರಳು ಚುರುಕು, ಲಯ ಗಟ್ಟಿ. ಜೋರಾಗಿ ಒತ್ತಬೇಕಾದ ಕಡೆ ಸ್ವರದ ಅಡಿಯಲ್ಲಿ ಒಂದು ಒಣ ಟಕ್ ಕೇಳಿಸಿತು. ಬೇರೆಯವರಿಗೆ ಕೇಳಿಸುವ ಸದ್ದಲ್ಲ. ಕೋಲು ಒತ್ತಡ ತಾಳಲಾರದೆ ಕೂದಲಿಗೆ ತಾಗಿದ ಸದ್ದು. ಮತ್ತೆ ಟಕ್. ಓದೀಲಳಿಗೂ ಗೊತ್ತಾಗಿರಬೇಕು, ಅಲ್ಲಿಂದಾಚೆ ಎಲ್ಲವನ್ನೂ ಹಗುರವಾಗಿ, ತಂತಿಯನ್ನು ಸವರಿಕೊಂಡೇ ನುಡಿಸಿದಳು. ಎದ್ವೀಜಳ ಬೆರಳು ಶೂವಿನ ಚರ್ಮವನ್ನು ಒತ್ತಿದವು.

ಆಮೇಲೆ ನಿಧಾನದ ಭಾಗ. ಆ ಸ್ವರ ಬಂತು. ಎದ್ವೀಜ್ ಉಸಿರು ಹಿಡಿದಳು. ಸ್ವರ ನಡುವನ್ನು ದಾಟಿತು, ಸಣ್ಣಗಾಯಿತು, ತುದಿಗೆ ಬಂತು. ನಡುಕವಿಲ್ಲ. ಇನ್ನೂ ಸಣ್ಣಗಾಯಿತು. ಆಗಲೂ ಇಲ್ಲ. ಮುಗಿಯಿತು. ಅವಳು ಉಸಿರು ಬಿಟ್ಟಳು.

ಒಳಗಿನಿಂದ ಗಂಡಸಿನ ದನಿ ಕೇಳಿಸಿತು, ಸೌಜನ್ಯದ ದನಿ: “ಆ ಕೊನೇ ಭಾಗ ದಯವಿಟ್ಟು ಇನ್ನೊಂದು ಸಲ.”

ಬೇಡ, ಎಂದುಕೊಂಡಳು ಎದ್ವೀಜ್. ಒಂದು ಸಲಕ್ಕೆಂದು ಹೆರೆದದ್ದು ಅದು.

ಒಳಗೆ ಮೌನ. ಇರಬೇಕಾದ್ದಕ್ಕಿಂತ ಉದ್ದನೆಯ ಮೌನ. ಓದೀಲ್ ತಿರುಪು ತಿರುಗಿಸುತ್ತಿದ್ದಾಳೆ. ಕೂದಲು ಸಡಿಲಾಯಿತೆಂದು ಬಿಗಿಯುತ್ತಿದ್ದಾಳೆ. ಬಿಗಿಯಬೇಡ ಕಣೇ, ಕೋಲು ನೆಟ್ಟಗಾಗಿಬಿಡುತ್ತದೆ. ಎದ್ವೀಜ್ ಬೆಂಚಿನಿಂದ ಅರ್ಧ ಎದ್ದಿದ್ದಳು. ಗುಮಾಸ್ತ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಸ್ವರ ಶುರುವಾಯಿತು. ಶುರುವಿನಲ್ಲೇ ಬಲವಿರಲಿಲ್ಲ. ಕೋಲು ಸತ್ತಿತ್ತು. ಅದನ್ನು ತಿಳಿಯಲು ಎದ್ವೀಜಳಿಗೆ ನೋಡಬೇಕಾಗಿರಲಿಲ್ಲ. ಈ ಕಮಾನು ತುದಿಯವರೆಗೆ ಹೋಗಲಾರದು, ನಡುವಿನಲ್ಲೇ ಕುಸಿಯುತ್ತದೆ. ಸ್ವರ ನಡುವಿನ ಕಡೆ ಬರುತ್ತಿತ್ತು. ಈಗ. ಈಗ.

ಕುಸಿಯಲಿಲ್ಲ. ಸ್ವರದೊಳಗೆ ಒಂದು ಸಣ್ಣ ಮಡಿಕೆ ಬಿದ್ದಂತಾಯಿತು, ಹರಿಯುವ ನೀರಿನಡಿಯಲ್ಲಿ ಕಲ್ಲು ಹೊರಳಿದಷ್ಟು. ಆಮೇಲೆ ಸ್ವರ ಹಾಗೆಯೇ ಮುಂದುವರಿಯಿತು, ಸಣ್ಣಗಾಯಿತು, ಮುಗಿಯಿತು.

ಎದ್ವೀಜ್ ಮೆಲ್ಲಗೆ ಕೂತಳು. ಓದೀಲ್ ನಡುವಿನಲ್ಲೇ ಕಮಾನಿನ ದಿಕ್ಕು ಬದಲಿಸಿ ಹಿಂದಕ್ಕೆ ಎಳೆದಿದ್ದಳು. ಮೂವತ್ತು ವರ್ಷ ಒಂದೇ ಎಳೆತದಲ್ಲಿ ನುಡಿಸಿದ್ದನ್ನು ಎರಡು ಎಳೆತದಲ್ಲಿ ನುಡಿಸಿದ್ದಳು. ತುದಿಗೆ ಹೋಗಲೇ ಇಲ್ಲ. ಪರದೆಯ ಆಚೆ ಕೂತವರು ಕಾಣದಿದ್ದದ್ದನ್ನು ಕೇಳುವಂಥವರಲ್ಲ.

ನಿನ್ನೆ ಬೆಳಿಗ್ಗೆ ಬಂದಾಗ ಇದ್ದ, ಹೆರೆಯದ ಕಮಾನಿನಲ್ಲೂ ಹಾಗೆ ನುಡಿಸಬಹುದಿತ್ತು.

ಆ ಯೋಚನೆ ಬಂದ ಮೇಲೆ ಎದ್ವೀಜಳಿಗೆ ಪಡಸಾಲೆಯಲ್ಲಿ ನಡೆದದ್ದೇನೂ ಸರಿಯಾಗಿ ಕಾಣಿಸಲಿಲ್ಲ. ಬಾಗಿಲು ತೆರೆಯಿತು. ಓದೀಲ್ ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತಳು. ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ಕೂದಲು ಸಡಿಲವಾಗಿ ಜೋಲಾಡಿತು. ಕೋಲು ಮಾತ್ರ ಬಾಗಿಗೆ ಮರಳದೆ ಅಳತೆ ಪಟ್ಟಿಯ ಹಾಗೆ ನೆಟ್ಟಗೆ ಉಳಿಯಿತು.

“ಕೇಳಿಸ್ತಾ?” ಎಂದಳು.

“ಕೇಳಿಸ್ತು.”

“ಅವ್ರಿಗೆ?”

“ಇಲ್ಲ.”

“ಮೊದ್ಲೇ ಯಾಕೆ ಹೊಳೀಲಿಲ್ಲ ಅಂತ ಕೇಳ್ಬೇಡ.”

“ಕೇಳಲ್ಲ.”

“ಹೊಳೆದಿತ್ತು,” ಎಂದಳು ಓದೀಲ್, ಗೋಡೆಯ ಕಡೆ ನೋಡುತ್ತ. “ಆಗಲ್ಲ ಅಂದ್ಕೊಂಡೆ. ಅದು ಸೋತವ್ರು ಮಾಡೋದು ಅಂತ.”

ಎದ್ವೀಜ್ ಶೂಗಳನ್ನು ಅವಳ ಕಾಲ ಬಳಿ ಇಟ್ಟಳು, ಒಂದು ಸ್ವಲ್ಪ ಜೋರಾಗಿಯೇ. ಸುತ್ತಿದ್ದ ಬಟ್ಟೆ ಬಿಚ್ಚಿ ತನ್ನ ಹಗುರ ಕಮಾನನ್ನು ಓದೀಲಳ ಪೆಟ್ಟಿಗೆಯೊಳಗೆ ಇಟ್ಟು, ಕೊಂಡಿ ಹಾಕಿದಳು. ಅಪ್ಪನ ಕೋಲು ಓದೀಲಳ ಕೈಯಲ್ಲೇ ಉಳಿಯಿತು. ಗುಮಾಸ್ತ ಬಾಗಿಲಿನಿಂದ ತಲೆ ಹೊರಹಾಕಿ, ಚೀಟಿ ನೋಡಿ, “ಮದಾಮ್, ನಿಮ್ಮ ಕುರ್ಚಿ ನಿಮ್ಮದೇ ಅಂತೆ. ಸೋಮವಾರ ರಿಹರ್ಸಲ್‌ಗೆ ಬನ್ನಿ,” ಎಂದ.

ಓದೀಲ್ ತಲೆಯಾಡಿಸಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು, ಎರಡೂ ಭುಜ.

“ಇದನ್ನ ಬೆಂಕಿಗೆ ಹಿಡಿದು ಮತ್ತೆ ಬಗ್ಗಿಸಿದ್ರೆ?”

“ಬಗ್ಗುತ್ತೆ. ನಿಲ್ಲಲ್ಲ.”

“ನನ್ನ ಮೇಲೆ ಕೋಪಾನಾ?”

“ಹೂಂ.”

“ಎಷ್ಟು ದಿನ ಇರುತ್ತೆ?”

ಎದ್ವೀಜ್ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ರೈಲಿಗೆ ಇನ್ನೂ ಹೊತ್ತಿತ್ತು, ಆದರೂ ಹೊರಡಬೇಕೆನಿಸಿತು. ಬಾಗಿಲವರೆಗೆ ಹೋಗಿ ನಿಂತು, ಗೆಳತಿಯ ಬಲ ಭುಜದಿಂದ ಮೊಣಕೈ, ಮಣಿಕಟ್ಟು, ಬೆರಳ ತುದಿಯವರೆಗೆ ನಿಧಾನವಾಗಿ ನೋಡಿದಳು, ಮರ ಆರಿಸುವಾಗ ನೋಡುವ ಹಾಗೆ.

“ಭಾನುವಾರ ಬಾ. ಹೊಸ ಕೋಲು ಶುರು ಮಾಡ್ಬೇಕು, ಕೈ ಅಳತೆ ಬೇಕು,” ಎಂದಳು. “ಕೋಪ ಇರುತ್ತೆ. ನೀನು ಬಾ.”